ಯಾರ ಪೈಕಿ?

ನಮ್ಮ ಶಿರಸಿ ಕಡೆ ಮದುವೆಮನೆಯಲ್ಲಿ ಗುರುತಿಲ್ಲದವನೊಬ್ಬ ಬಂದು ಪಂಕ್ತಿಯಲ್ಲಿ ಕೂತರೆ, ಬಾಳೆಲೆಗೆ ಉಪ್ಪು ಬೀಳುವುದಕ್ಕೂ ಮೊದಲು ಪಕ್ಕದವರಿಂದ ಪ್ರಶ್ನೆ ಬೀಳುತ್ತದೆ. ‘ಯಾವೂರಾತು? ಯಾರ ಪೈಕಿ?’ ಊರು ಹೇಳಿ, ಅಪ್ಪನ ಹೆಸರು ಹೇಳಿ, ಅಜ್ಜನಮನೆ ಹೇಳುವಷ್ಟರಲ್ಲಿ ಎಲ್ಲೋ ಒಂದು ಕಡೆ ನೆಂಟಸ್ತಿಕೆ ಸಿಕ್ಕೇ ಸಿಗುತ್ತದೆ. ಅಲ್ಲಿಗೆ ವಿಚಾರಣೆ ಮುಗಿಯಿತು, ಪಾಯಸಕ್ಕೆ ಕೈ ಹಾಕಬಹುದು. ಚಿಕ್ಕವನಿದ್ದಾಗ ನನಗೆ ಈ ಪ್ರಶ್ನೆ ಕೇಳಿದರೆ ಕಿರಿಕಿರಿ. ಇವರಿಗ್ಯಾಕೆ ಬೇಕು, ಸುಮ್ನೆ ಹೋಳಿಗೆ ತಿನ್ನಬಾರದಾ ಅನಿಸುತ್ತಿತ್ತು. ಇದೇ ಪ್ರಶ್ನೆಯನ್ನು ಒಂದು ದೇಶಕ್ಕೆ ದೇಶವೇ ಕೇಳಿದರೆ ಹೇಗಿರುತ್ತದೆ ಎಂದು ಗೊತ್ತಾಗಿದ್ದು ಜರ್ಮನಿಗೆ ಹೋದ ಮೇಲೆ. ಅದೂ ಒಂದು ಸಿಮ್ ಕಾರ್ಡಿಗಾಗಿ.

ಫೋನಿನ ಕಷ್ಟ ನನಗೆ ಹೊಸದೇನಲ್ಲ. ನಮ್ಮ ಮನೆ ಇರುವುದು ಶಿರಸಿಯಿಂದ ಕುಮಟಾ ದಾರಿಯಲ್ಲಿ, ದೇವಿಮನೆ ಘಟ್ಟಕ್ಕಿಂತ ಈಚೆ, ಡಾಂಬರು ರಸ್ತೆ ಬಿಟ್ಟು ಒಳಗೆ. ಸರಕಾರಿ ದೂರವಾಣಿ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ಹಳ್ಳಿಗಳಿಗೆಂದೇ ಮಾಡಿದ ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜು ಮೊದಲು ಶುರುವಾಗಿದ್ದು 1986ರಲ್ಲಿ, ಪಕ್ಕದ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಎಸಿ ಬೇಡ, ದೂಳಿಗೂ ಬಿಸಿಲಿಗೂ ಜಗ್ಗುವುದಿಲ್ಲ ಅನ್ನುವುದು ಅದರ ಹೆಚ್ಚುಗಾರಿಕೆ. ಆದರೆ ಕಿತ್ತೂರಿನಿಂದ ನಮ್ಮ ಜಗುಲಿಗೆ ಆ ಟ್ರಿಣ್ ಟ್ರಿಣ್ ಬಂದು ಮುಟ್ಟುವ ಹೊತ್ತಿಗೆ ನಾನು ಹೈಸ್ಕೂಲು. ಕಂಬ ಸಾಲದ ಕಡೆ ಹಲಸಿನ ಮರವೇ ಕಂಬ. ಮಳೆಗಾಲದಲ್ಲಿ ತಂತಿ ಹರಿದರೆ ಲೈನ್‌ಮನ್ ಬರಬೇಕು. ಆತ ಎರಡು ಗುಡ್ಡದ ಆಚೆಯವ. ಅವನಿಗೆ ವಿಳಾಸ ಗಿಳಾಸ ಬೇಡ. ‘ಕೆಳಗಿನಮನೆ ಫೋನ್ ಸತ್ತಿದ್ದು’ ಅಂದರೆ ಸಾಕು. ಬಂದವನು ಮೊದಲು ಕೇಳುವುದು ಮಜ್ಜಿಗೆ, ಆಮೇಲೆ ಏಣಿ.

ಮೊಬೈಲು ಬಂದ ಮೇಲೂ ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಹಿತ್ತಿಲ ದಾಟಿ ಗುಡ್ಡ ಹತ್ತಿದರೆ ಒಂದು ಮುರುಗಲ ಮರ. ಅದರ ಬುಡದಲ್ಲಿ ನಿಂತರೆ ಎರಡು ಕಡ್ಡಿ ಸಿಗುತ್ತದೆ. ನಿಲ್ಲುವ ರೀತಿಯೂ ಒಂದಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಇಂಥ ಊರಿನಿಂದ ಹೊರಟವನಿಗೆ ಜರ್ಮನಿಯಲ್ಲಿ ಫೋನು ಒಂದು ಚಿಂತೆಯೇ ಆಗಿರಲಿಲ್ಲ. ಎಲ್ಲಿ ನೋಡಿದರೂ ಟವರು, ಅಂಗಡಿಗೆ ಹೋಗುವುದು, ಸಿಮ್ ತಗೊಳ್ಳುವುದು, ಮುಗಿಯಿತು. ರೋಮಿಂಗ್ ದುಬಾರಿ ಎಂದು ಊರಿನ ಸಿಮ್ಮನ್ನು ಒಂದು ಡಬ್ಬಾ ಫೋನಿಗೆ ಹಾಕಿ ಆಯಿಯ, ಅಂದರೆ ಅಮ್ಮನ, ಕೈಗೆ ಕೊಟ್ಟು ಬಂದೆ. ಜಾಣತನ ಅಂದುಕೊಂಡಿದ್ದೆ. ನನ್ನ ಜೀವಮಾನದ ಮೊದಲ ಐದು ದಡ್ಡತನಗಳಲ್ಲಿ ಇದಕ್ಕೆ ಜಾಗ ಇದೆ.

2019ರ ಅಕ್ಟೋಬರ್, ಶನಿವಾರ ರಾತ್ರಿ ಸ್ಟಟ್‌ಗಾರ್ಟಿನಲ್ಲಿ ಇಳಿದೆ. ಮರುದಿನ ಭಾನುವಾರ. ಅಲ್ಲಿ ಭಾನುವಾರ ಅಂಗಡಿ ಬಾಗಿಲು ಹಾಕಬೇಕು ಅನ್ನುವುದು ಕಾನೂನೇ. ಇಡೀ ದಿನ ನನ್ನ ಫೋನು ಗಡಿಯಾರವಾಗಿ ಕೆಲಸ ಮಾಡಿತು. ಸೋಮವಾರ ಸೂಪರ್ ಮಾರ್ಕೆಟ್ಟಿನಲ್ಲಿ ಹಾಲು, ಬ್ರೆಡ್ಡಿನ ಜೊತೆ ಸಿಮ್ ಡಬ್ಬಿಯನ್ನೂ ತಗೊಂಡೆ. ಬಿಚ್ಚಿ ನೋಡಿದರೆ ಒಂದು ಚೀಟಿ. ಇದನ್ನು ಚಾಲೂ ಮಾಡಲು ಇಂಟರ್ನೆಟ್ಟಿಗೆ ಹೋಗಿ ನಿಮ್ಮ ಗುರುತು ತೋರಿಸಿ ಎಂದು! ಇಂಟರ್ನೆಟ್ ಬೇಕು ಅಂತಲೇ ಅಲ್ವಾ ಇದನ್ನು ತಂದಿದ್ದು? ಜುಲೈ 2017ರಿಂದ ಅಲ್ಲಿ ಪ್ರೀಪೇಯ್ಡ್ ಸಿಮ್ಮಿಗೂ ಗುರುತು ಪರಿಶೀಲನೆ ಕಡ್ಡಾಯ. ಬೀಜ ಕೊಡುವ ಮೊದಲೇ ಫಲ ತೋರಿಸು ಅಂದಂತಾಯಿತು.

ರೈಲ್ವೆ ಸ್ಟೇಷನ್ನಿನ ಪುಕ್ಕಟೆ ವೈಫೈ ಹಿಡಿದು ವಿಡಿಯೋ ಕರೆಗೆ ಕೂತೆ. ಆ ಕಡೆ ಒಬ್ಬ ಹೆಂಗಸು. ಪಾಸ್‌ಪೋರ್ಟ್ ಕ್ಯಾಮೆರಾಕ್ಕೆ ಹಿಡಿ, ಎಡಕ್ಕೆ ವಾಲಿಸು, ಬಲಕ್ಕೆ ವಾಲಿಸು, ಮಿಂಚುವ ಭಾಗ ಮಿಂಚಲಿ. ಬದಿಯಲ್ಲಿ ಕಾಫಿ ಕುಡಿಯುತ್ತಿದ್ದವರು ನಾನು ಏನೋ ಮಂಗಳಾರತಿ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು. ಮಿಂಚಿತು. ಆದರೆ ಹೆಸರಲ್ಲಿ ಸಿಕ್ಕಿಬಿದ್ದೆ. ನನ್ನ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಹೆಗಡೆ ಎಲ್ಲ ಒಂದೇ ಸಾಲಿನಲ್ಲಿ ಗಂಟು ಕಟ್ಟಿಕೊಂಡಿವೆ. ಕುಲನಾಮದ ಜಾಗ ಖಾಲಿ. ಅವರ ಫಾರ್ಮಿನಲ್ಲಿ ಆ ಜಾಗಕ್ಕೇ ಕೆಂಪು ನಕ್ಷತ್ರ. ನಾನು ಅಲ್ಲಿ ‘ಹೆಗಡೆ’ ಅಂತ ತುಂಬಿದ್ದೆ. ‘ನಿಮ್ಮ ದಾಖಲೆ ಪ್ರಕಾರ ನಿಮಗೆ ಮನೆತನದ ಹೆಸರೇ ಇಲ್ಲವಲ್ಲ?’ ಎಂದಳು. ಬಹಳ ಮೃದುವಾಗಿಯೇ ಹೇಳಿದಳು, ಪಾಪ. ಯಾರ ಪೈಕಿಯೂ ಅಲ್ಲ ಎಂದು ಒಬ್ಬರ ಬಾಯಲ್ಲಿ ಕೇಳಿಸಿಕೊಂಡಿದ್ದು ಅದೇ ಮೊದಲು.

ಕೊನೆಗೆ ಒಂದು ಅಂಗಡಿಯ ಹುಡುಗ ಪಾಸ್‌ಪೋರ್ಟನ್ನು ಕಣ್ಣಲ್ಲೇ ನೋಡಿ, ಹೆಗಲು ಕುಣಿಸಿ, ಪ್ರೀಪೇಯ್ಡ್ ಸಿಮ್ ಕೊಟ್ಟ. ಅಷ್ಟಕ್ಕೇ ನಾನು ಗೆದ್ದೆ ಅಂದುಕೊಂಡೆ.

ಮನೆಗೆ ಇಂಟರ್ನೆಟ್ ಬೇಕು ಅಂದಾಗ ನಿಜವಾದ ಆಟ ಶುರು. ಇಂಟರ್ನೆಟ್ಟಿನವರಿಗೆ ತಿಂಗಳು ತಿಂಗಳು ದುಡ್ಡು ಎಳೆದುಕೊಳ್ಳಲು ಅಲ್ಲಿನ ಬ್ಯಾಂಕ್ ಖಾತೆ ಬೇಕು. 22 ಅಕ್ಷರ-ಅಂಕಿಗಳ ಉದ್ದದ ಖಾತೆ ಸಂಖ್ಯೆ, ನಮ್ಮ ಅಪ್ಪನ ಪೂರ್ತಿ ಹೆಸರಿಗಿಂತ ಸ್ವಲ್ಪವೇ ಜಾಸ್ತಿ. ಬ್ಯಾಂಕಿನವರಿಗೆ ವಿಳಾಸ ನೋಂದಣಿಯ ಕಾಗದ ಬೇಕು. ಮನೆ ಸೇರಿ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ಹೆಸರು ಬರೆಸಬೇಕು ಅನ್ನುವುದು ನಿಯಮ. ಬರೆಸಲು ಮನೆ ಮಾಲೀಕರ ಸಹಿ ಬೇಕು, ಮುಂಚಿತವಾಗಿ ಸಮಯ ಗೊತ್ತು ಮಾಡಿಕೊಳ್ಳಬೇಕು, ಅದಕ್ಕೆ ಇಂಟರ್ನೆಟ್ ಬೇಕು. ಮಾರಿಜಾತ್ರೆಯ ತೊಟ್ಟಿಲು ಹತ್ತಿದ ಹಾಗೆ. ಮೇಲೆ ಹೋದಾಗ ಎಲ್ಲ ಕಾಣುತ್ತದೆ, ಕೆಳಗೆ ಬಂದಾಗ ನಿಂತಲ್ಲೇ ಇರುತ್ತೇವೆ.

ಕರಾರು 24 ತಿಂಗಳಿಗೆ. ಆಯಿಗೆ ಫೋನಿನಲ್ಲಿ ಇದನ್ನು ಹೇಳುವಾಗ ‘ಈ ಮಾರಿಜಾತ್ರೆಯಿಂದ ಆ ಮಾರಿಜಾತ್ರೆವರೆಗೆ’ ಅಂದೆ, ತಟ್ಟನೆ ಅರ್ಥವಾಯಿತು. ನಮ್ಮ ಮಾರಿಕಾಂಬೆಯ ಜಾತ್ರೆಯೂ ಎರಡು ವರ್ಷಕ್ಕೊಮ್ಮೆ ತಾನೇ. ಬಿಡುವುದಾದರೆ ಮುಗಿಯುವ ಮೂರು ತಿಂಗಳು ಮುಂಚೆ ಪತ್ರ ಬರೆಯಬೇಕು, ಇಲ್ಲದಿದ್ದರೆ ತಾನಾಗಿಯೇ ಇನ್ನೊಂದು ವರ್ಷ ಮುಂದುವರಿಯುತ್ತದೆ ಎಂದು ಆಫೀಸಿನಲ್ಲಿ ಹೆದರಿಸಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟು ಮರೆತೇಬಿಟ್ಟೆ. ನನ್ನ ಪುಣ್ಯ, ಡಿಸೆಂಬರ್ 2021ರಲ್ಲಿ ಕಾನೂನೇ ಬದಲಾಗಿ, ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಸಾಕು ಎಂದಾಯಿತು.

ಇದರ ನಡುವೆ ಶೂಫಾ ಅಂತ ಒಂದಿದೆ. ಯಾರು ಸಾಲ ಸರಿಯಾಗಿ ತೀರಿಸಿದ್ದಾರೆ ಎಂದು ಲೆಕ್ಕ ಇಡುವ ಸಂಸ್ಥೆ. ಹುಟ್ಟಿದ್ದು 1927ರಲ್ಲಿ, ಬರ್ಲಿನ್ನಿನಲ್ಲಿ. ಕರೆಂಟ್ ಬಿಲ್ ಸರಿಯಾಗಿ ಕಟ್ಟುವವನು ಕಂತಿನಲ್ಲಿ ತಗೊಂಡ ಸಾಮಾನಿನ ದುಡ್ಡನ್ನೂ ಸರಿಯಾಗಿ ಕಟ್ಟುತ್ತಾನೆ ಅನ್ನುವ ಲೆಕ್ಕಾಚಾರದಲ್ಲಿ. ನನಗೆ ಇದು ಹೊಸದು ಅನಿಸಲೇ ಇಲ್ಲ. ಅದಕ್ಕಿಂತ ನಾಲ್ಕು ವರ್ಷ ಮೊದಲೇ, 1923ರಲ್ಲಿ, ಶಿರಸಿಯಲ್ಲಿ ತೋಟಗಾರ್ಸ್ ಸೊಸೈಟಿ ಶುರುವಾಗಿದೆ. ಸೊಸೈಟಿಗೆ ಅಡಿಕೆ ಹಾಕುವವನ ಯೋಗ್ಯತೆ ಏನು ಅನ್ನುವುದು ಅಲ್ಲಿನ ಖಾತೆ ಪುಸ್ತಕಕ್ಕೆ ಗೊತ್ತಿರುತ್ತದೆ. ವ್ಯತ್ಯಾಸ ಏನೆಂದರೆ, ನಮ್ಮ ಸೊಸೈಟಿಯಲ್ಲಿ ನನ್ನ ಖಾತೆ ಇಲ್ಲದಿದ್ದರೂ ಅಪ್ಪನದು ಇದೆ, ಅಜ್ಜನದೂ ಇತ್ತು. ಜರ್ಮನಿಯಲ್ಲಿ ನಾನು ಸಾಲಗಾರನೂ ಅಲ್ಲ, ಸಾಹುಕಾರನೂ ಅಲ್ಲ. ಪುಟ ಖಾಲಿ.

ಹೇಗೋ ಕರಾರಾಯಿತು. ತಂತಿ ಜೋಡಿಸುವವರು ಇಂಥ ದಿನ ಬೆಳಗ್ಗೆ 8ರಿಂದ 12ರೊಳಗೆ ಬರುತ್ತಾರೆ ಎಂದು ಸಂದೇಶ ಬಂತು. ರಜೆ ಹಾಕಿ ಕಾದೆ. ಸ್ನಾನಕ್ಕೂ ಹೋಗಲಿಲ್ಲ, ಗಂಟೆ ಕೇಳಿಸದೆ ಹೋದೀತು ಅಂತ. ಗಂಟೆ ಹೊಡೆಯಲೇ ಇಲ್ಲ. ಒಂದು ಗಂಟೆಗೆ ಸಂದೇಶ: ‘ಗ್ರಾಹಕರು ಸಿಗಲಿಲ್ಲ.’ ಬೆಳಗಿಂದ ಕಿಟಕಿಯಲ್ಲೇ ನಿಂತಿದ್ದ ನನ್ನನ್ನು ಸಿಗಲಿಲ್ಲ ಅಂದರೆ? ಕೆಳಗೆ ಹೋಗಿ ನೋಡಿದಾಗ ಗೊತ್ತಾಯಿತು. ಅಲ್ಲಿನ ಕಟ್ಟಡಗಳಲ್ಲಿ ಮನೆಗೆ ನಂಬರ್ ಇರುವುದಿಲ್ಲ, ಬಾಗಿಲ ಗಂಟೆಯ ಪಕ್ಕ ಹೆಸರು ಇರುತ್ತದೆ ಅಷ್ಟೇ. ನನ್ನ ಗಂಟೆಯ ಮೇಲೆ ಹಿಂದಿನ ಬಾಡಿಗೆದಾರನ ಹೆಸರು ಹಾಗೇ ಇತ್ತು. ಹೆಗಡೆ ಎಂಬವರು ಆ ಕಟ್ಟಡದಲ್ಲಿ ಇರಲೇ ಇಲ್ಲ.

ಮುಂದಿನ ತಾರೀಕು ಮೂರು ವಾರ ಬಿಟ್ಟು. ಆ ಸಲ ಗಂಟೆ ಹೊಡೆಯಿತು, ಆದರೆ ತಂತಿಗಳ ಪೆಟ್ಟಿಗೆ ಇರುವ ನೆಲಮಾಳಿಗೆಗೆ ಬೀಗ. ಬೀಗದ ಕೈ ಕಟ್ಟಡ ನೋಡಿಕೊಳ್ಳುವವನ ಹತ್ತಿರ, ಅವನು ರಜೆಯ ಮೇಲೆ. ಮೂರನೇ ಸಲ ಬಂದವರು ಮೀಸೆ ಹಣ್ಣಾದ ಒಬ್ಬ ಟರ್ಕಿ ಮೂಲದ ಮನುಷ್ಯ. ಅಪ್ಪ ಕಾರ್ಖಾನೆ ಕೆಲಸಕ್ಕೆಂದು ಬಂದವರಂತೆ. ಭಾನುವಾರ ನಾಣ್ಯ ಕೂಡಿಟ್ಟುಕೊಂಡು ರಸ್ತೆಯ ಫೋನ್ ಡಬ್ಬಿಯಿಂದ ಊರಿಗೆ ಮಾತಾಡುತ್ತಿದ್ದರಂತೆ. ಮಜ್ಜಿಗೆ ಕೊಡೋಣ ಅಂದರೆ ಹೇಗೋ ಏನೋ ಎಂದು ಚಹಾ ಕೊಟ್ಟೆ. ಅವರೇ ಫ್ರಿಜ್ಜಿನ ಕಡೆ ನೋಡಿ, ಮೊಸರಿದ್ದರೆ ನೀರು ಉಪ್ಪು ಹಾಕಿ ಕೊಡು ಎಂದರು. ಅವರ ಊರಿನಲ್ಲೂ ಅದನ್ನೇ ಕುಡಿಯುವುದಂತೆ. ಕೆಲಸ ಹದಿನೈದು ನಿಮಿಷ. ಹೋಗುವಾಗ ಕೆಳಗೆ ನಿಂತು, ನಾನು ಗಂಟೆಯ ಮೇಲೆ ಅಂಟಿಸಿದ್ದ ಕಾಗದದ ಚೂರನ್ನು ಕಿತ್ತು, ಅವರ ಹತ್ತಿರವಿದ್ದ ಮಷೀನಿನಲ್ಲಿ ಚೆಂದವಾಗಿ ‘ಹೆಗಡೆ’ ಎಂದು ಅಚ್ಚು ಹಾಕಿ ಅಂಟಿಸಿಕೊಟ್ಟರು.

ಅದು 2020ರ ಫೆಬ್ರುವರಿ. ಮಾರ್ಚಿನಲ್ಲಿ ಎಲ್ಲರೂ ಮನೆಯೊಳಗೆ. ಅದೇ ಹೊತ್ತಿಗೆ ಬೆಂಗಳೂರಿನಿಂದ ಊರಿಗೆ ಬಂದ ಹುಡುಗರು ನಮ್ಮ ಮುರುಗಲ ಮರದ ಹತ್ತಿರ ಟಾರ್ಪಾಲು ಕಟ್ಟಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಆಫೀಸು ಮಾಡುತ್ತಿದ್ದರು.

ಊರಿನ ಸಿಮ್ಮಿನ ಕತೆ ಹೇಳದಿದ್ದರೆ ಆಯಿಗೆ ಅನ್ಯಾಯ. ಇಲ್ಲಿನ ಬ್ಯಾಂಕಿಗೆ ನಾನು ಯಾರ ಪೈಕಿ ಎಂದು ಗೊತ್ತು, ಆದರೆ ಅದು ನಂಬುವುದು ಓಟಿಪಿಯನ್ನು ಮಾತ್ರ. ಓಟಿಪಿ ಬರುವುದು ಡಬ್ಬಾ ಫೋನಿಗೆ. ಡಬ್ಬಾ ಫೋನಿಗೆ ಕಡ್ಡಿ ಸಿಗುವುದು ಗುಡ್ಡದಲ್ಲಿ. ಅಷ್ಟರಲ್ಲಿ ಮನೆಗೆ ಫೈಬರ್ ಬಂದಿತ್ತು, ಆದರೆ ಅದರಿಂದ ವಾಟ್ಸ್ಆ್ಯಪ್ಪಿಗೆ ಅನುಕೂಲವೇ ಹೊರತು ಈ ಫೋನಿಗಲ್ಲ. ಹಾಗಾಗಿ ಆಯಿ ಗುಡ್ಡ ಹತ್ತಿ, ಓಟಿಪಿ ಹಿಡಿದು, ಇಳಿದು ಬಂದು, ವೈಫೈಯಲ್ಲಿ ನನಗೆ ಓದಬೇಕು. ಅಷ್ಟರಲ್ಲಿ ಓಟಿಪಿಯ ಆಯುಷ್ಯ ಮುಗಿದಿರುತ್ತಿತ್ತು. ಒಂದು ದಿನ ಮಾತ್ರ ಪಕ್ಕದಮನೆ ಹುಡುಗ ಓಡಿ ತಂದುಕೊಟ್ಟ. ಆಯಿ ಕನ್ನಡಕ ಹಾಕಿಕೊಂಡು, ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಮೊದಲಿಂದ ಓದತೊಡಗಿದಳು. ಬರೀ ಅಂಕಿ ಓದು ಅಂದರೂ ಕೇಳಲಿಲ್ಲ. ಆಮೇಲೆ ಥಟ್ಟನೆ ನಿಲ್ಲಿಸಿದಳು.

‘ತಮಾ, ಇದನ್ನ ಯಾರಿಗೂ ಹೇಳಡಿ ಹೇಳಿ ಬರದ್ದಲಾ. ನಿಂಗೆ ಹೇಳ್ಲಕ್ಕಾ?’

ಅಷ್ಟರಲ್ಲಿ ಅದರ ಕಾಲವೂ ಮುಗಿಯಿತು.

ನಾನು ಊರಿಗೆ ವಾಪಸಾದ ಮೇಲೆ, 2023ರ ಡಿಸೆಂಬರಿನಲ್ಲಿ, ಗೋಕರ್ಣಕ್ಕೆ ಹೋಗಿದ್ದೆ. ಅಲ್ಲಿ ಕುಡ್ಲೆ ದಂಡೆಯ ಹತ್ತಿರ ನನ್ನ ಭಾವ ನಾಲ್ಕು ರೂಮು ಬಾಡಿಗೆಗೆ ಕೊಡುತ್ತಾನೆ. ವಿದೇಶದವರು ಬಂದರೆ 24 ಗಂಟೆಯೊಳಗೆ ಒಂದು ಫಾರ್ಮ್ ತುಂಬಿ ಅಧಿಕಾರಿಗಳಿಗೆ ತಿಳಿಸಬೇಕು, ಆ ಕೆಲಸದಲ್ಲಿ ಅವನು ಪಳಗಿದ್ದಾನೆ. ಆ ದಿನ ಉಳಿದಿದ್ದವನು ಒಬ್ಬ ಜರ್ಮನ್ ಹುಡುಗ, ಮುಖ ಬಾಡಿಸಿಕೊಂಡು ಕೂತಿದ್ದ. ಸಿಮ್ ಬೇಕಂತೆ. ಮೂರು ಜನವೂ ರಥಬೀದಿಯ ಹತ್ತಿರದ ಅಂಗಡಿಗೆ ಹೋದೆವು. ಪಾಸ್‌ಪೋರ್ಟ್ ಕೊಟ್ಟ, ವೀಸಾ ತೋರಿಸಿದ, ಫೋಟೋ ತೆಗೆಸಿಕೊಂಡ. ಕೊನೆಗೆ ಅಂಗಡಿಯವರು ಕೇಳಿದರು: ‘ಇಲ್ಲಿ ಗುರುತಿನವರು ಯಾರು? ಅವರ ನಂಬರಿಗೆ ಓಟಿಪಿ ಹೋಗ್ತದೆ.’ ಹುಡುಗ ಕಣ್ಣು ಕಣ್ಣು ಬಿಟ್ಟ. ಅವನು ಬಂದು ಎರಡು ದಿನವಾಗಿತ್ತಷ್ಟೇ.

‘ನಮ್ಮ ಪೈಕಿನೇ, ಬರ್ಕಳಿ,’ ಎಂದು ಭಾವ ತನ್ನ ನಂಬರ್ ಹೇಳಿದ. ವೀಸಾ ಮುಗಿದ ದಿನ ಸಿಮ್ಮೂ ಮುಗಿಯುತ್ತದೆ ಎಂದು ಅಂಗಡಿಯವರು ತಿಳಿಸಿದರು. ಹುಡುಗನಿಗೆ ಅದರ ಚಿಂತೆ ಇರಲಿಲ್ಲ. ಕಡ್ಡಿಗಳು ಮೇಲೇರುವುದನ್ನೇ ನೋಡುತ್ತಿದ್ದ. ನಾನು ಸ್ಟಟ್‌ಗಾರ್ಟಿನಲ್ಲಿದ್ದೆ ಅಂದೆ. ಅವನ ಅಜ್ಜಿಮನೆ ಅಲ್ಲಿಂದ ಅರ್ಧ ತಾಸಿನ ದಾರಿಯಂತೆ.

ಎರಡು ದಿನ ಬಿಟ್ಟು ಅವನನ್ನು ಘಟ್ಟ ಹತ್ತಿಸಿ ನಮ್ಮ ಮನೆಗೆ ಕರೆದುಕೊಂಡು ಬಂದೆ. ಜಗುಲಿಯಲ್ಲಿ ಕೂತು ಅಷ್ಟು ಕಷ್ಟಪಟ್ಟು ಪಡೆದ ಸಿಮ್ಮಿನ ಫೋನ್ ತೆಗೆದು ನೋಡಿದ. ಒಂದು ಕಡ್ಡಿಯೂ ಇಲ್ಲ. ಫೋನನ್ನು ಮೇಲೆತ್ತಿದ, ಅಂಗಳಕ್ಕಿಳಿದ, ಅಡಿಕೆ ಒಣಹಾಕಿದ ಅಟ್ಟದ ಸುತ್ತ ಒಂದು ಪ್ರದಕ್ಷಿಣೆ ಬಂದ. ಆಯಿ ಒಳಗಿಂದ ನೋಡುತ್ತಿದ್ದವಳು ಮಜ್ಜಿಗೆ ಲೋಟ ಹಿಡಿದು ಹೊರಗೆ ಬಂದಳು. ಅವನಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ಯೋಚಿಸಲೇ ಇಲ್ಲ. ಕೈ ಮಾಡಿ ಗುಡ್ಡ ತೋರಿಸಿದಳು, ಮೂಲೆಯಲ್ಲಿದ್ದ ಕೋಲು ತೆಗೆದುಕೊಟ್ಟಳು. ಮುರುಗಲ ಮರದ ಬುಡದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ, ಫೋನನ್ನು ಎಡಗೈಯಲ್ಲಿ ಹಿಡಿದು ಹೇಗೆ ನಿಲ್ಲಬೇಕು ಎಂದು ಅಂಗಳದಲ್ಲೇ ನಿಂತು ತೋರಿಸಿಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

‘ಯಾವೂರಾತು ಇವಂದು?’