ವೈನಿಗೆ ಗ್ಯಾಸ್ ಆಗಿದೆಯಂತೆ

ನಿನ್ನೆ ಸಂಜೆಯಿಂದ ತಲೆ ಕಾದಿದೆ. ಇಲ್ಲಿ ಕಾರಿಕೊಳ್ಳದಿದ್ದರೆ ಸಾರಿಗೆ ಉಪ್ಪು ಎರಡು ಸಲ ಬೀಳುತ್ತದೆ. (ಬೆಳಿಗ್ಗೆ ಒಂದು ಸಲ ಬಿದ್ದಾಗಿದೆ.)

ಹೋದ ತಿಂಗಳು ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಬ್ರಿಜ್ ಹತ್ತುತ್ತಿದ್ದಾಗ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಅರ್ಧಕ್ಕೇ ನಿಂತರು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ದವಡೆಗೆ. ಚೀಲದಿಂದ ಮೆಂತ್ಯೆ ಸೊಪ್ಪಿನ ಕಟ್ಟು ಜಾರಿ ಬಿತ್ತು. ಹಿಂದಿನವರು ತುಳಿದುಕೊಂಡೇ ಹೋದರು. ವೈನಿ ಬಗ್ಗಲಿಲ್ಲ. ಸೊಪ್ಪು ಬಿಟ್ಟು ಬರುವ ಹೆಂಗಸೇ ಅಲ್ಲ ಅವರು! ಆಗಲೇ ನನ್ನ ಹೊಟ್ಟೆ ಕಲಸಿತು. ‘ಏನಾತ್ರೀ?’ ಅಂದರೆ, ‘ಏನಿಲ್ಲವಾ, ದವಡಿ ಹಿಡಿದ್ಹಂಗ ಆಗೇದ, ಉಸಿರು ಸಾಲವಲ್ದು’ ಅಂದರು.

ನಮ್ಮ ಏರಿಯಾದ ಡಾಕ್ಟರು ಬಿಪಿ ನೋಡಿ, ‘ಕಾಕೂ, ಗ್ಯಾಸ್ ಆಹೇ, ಟೆನ್ಶನ್ ಘೇವೂ ನಕಾ’ (ಗ್ಯಾಸು, ಟೆನ್ಶನ್ ತಗೋಬೇಡಿ) ಅಂದರು. ಎರಡು ನಿಮಿಷ. ಇದೇ ಮಹಾಶಯರು ದೀಪಾವಳಿಯಲ್ಲಿ ಚಕ್ಕುಲಿ ಹೆಚ್ಚಾಗಿ ತೇಗುತ್ತಿದ್ದ ನಮ್ಮಣ್ಣನಿಗೆ ನಿಂತ ಕಾಲಲ್ಲೇ ಇಸಿಜಿ ತೆಗೆಸಿದ್ದರು. ಅಣ್ಣನ ತೇಗು ಹೃದಯ, ವೈನಿಯ ದವಡೆ ಗ್ಯಾಸ್!

ಠಾಣೆ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆಂಜಿಯೋಗ್ರಫಿ (ಹೃದಯದ ರಕ್ತನಾಳಗಳ ಎಕ್ಸ್‌ರೇ) ಮಾಡಿಸಿದೆವು. ದೊಡ್ಡ ನಾಳಗಳಲ್ಲಿ ಬ್ಲಾಕ್ ಇಲ್ಲ. ಅಲ್ಲಿನ ಹುಡುಗಿ ಡಾಕ್ಟರು ಮಾತ್ರ ಅಷ್ಟಕ್ಕೇ ಬಿಡಲಿಲ್ಲ. ಆಂಜಿಯೋದಲ್ಲಿ ಕಾಣದಷ್ಟು ಸಣ್ಣ ರಕ್ತನಾಳಗಳು ಬೇಕಾದಾಗ ಹಿಗ್ಗುತ್ತಿಲ್ಲ, ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಹೆಚ್ಚು ಅಂದರು. ನಿನ್ನೆ ಅದೇ ರಿಪೋರ್ಟ್ ನಮ್ಮ ಏರಿಯಾದ ಡಾಕ್ಟರಿಗೆ ತೋರಿಸಿದರೆ, ‘ಬ್ಲಾಕ್ ಇಲ್ಲವಲ್ಲ, ನಾನು ಹೇಳಿರಲಿಲ್ವಾ, ಗ್ಯಾಸ್’ ಅಂತ ನಕ್ಕರು. ಗೆದ್ದ ನಗು.

ಗ್ಯಾಸೇ ಸ್ವಾಮಿ, ಒಪ್ಪಿದೆ. ಆದರೆ ಯಾವ ಗ್ಯಾಸು? ಇಪ್ಪತ್ತೇಳು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು, ಹೇಳದೆ ಬಿಡಲಾರೆ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಉಸಿರುತ್ತದೆ, ಅದು ಸೋಕಿದರೆ ನಾಳದ ಸ್ನಾಯು ಸಡಿಲಾಗಿ ದಾರಿ ಅಗಲವಾಗುತ್ತದೆ. ಇದನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಆ ಅನಿಲ ಹೆಚ್ಚು ತಯಾರಾಗಲು ಒಳಪದರವನ್ನು ತಿವಿಯುವವರಲ್ಲಿ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನೂ ಒಂದು. ಮುಟ್ಟು ನಿಂತಿತೋ, ತಿವಿಯುವವಳು ಮನೆ ಬಿಟ್ಟಳು. ಹರೆಯದಲ್ಲಿ ಗಂಡಸರಿಗಿಂತ ಕಡಿಮೆ ಇದ್ದ ಹೆಂಗಸರ ಬಿಪಿ ಆಮೇಲೆ ಸರಸರ ಏರುವುದಕ್ಕೆ ಇದೂ ಒಂದು ಕಾರಣ. ಅಂದರೆ ವೈನಿಗೆ ಗ್ಯಾಸ್ ಹೆಚ್ಚಾಗಿದ್ದಲ್ಲ, ಕಡಿಮೆಯಾಗಿದ್ದು!

‘ಅತ್ಯಾ, ಹಾರ್ಟ್ ಅಟ್ಯಾಕ್ ಗಂಡಸರಿಗೇ ಜಾಸ್ತಿ ಅಲ್ಲೇನು?’ ಅಂತ ಅಣ್ಣನ ಮಗನ ತಕರಾರು. ಹೌದಪ್ಪಾ, ನಮಗೆ ಏಳೆಂಟು ಹತ್ತು ವರ್ಷ ತಡವಾಗಿ ಬರುತ್ತದೆ. ತಡವಾಗಿ ಬರುವ ಲೋಕಲ್ ರೈಲು ಏನು ಬರುವುದೇ ಇಲ್ಲವೇ? ಹಾಗಿದ್ದರೆ ಈಸ್ಟ್ರೋಜೆನ್ ಮಾತ್ರೆ ನುಂಗಿದರಾಯಿತು ಅಂದ. ಅಷ್ಟು ಸುಲಭವಾಗಿದ್ದರೆ! ಒಮ್ಮೆ ಹಾರ್ಟ್ ಅಟ್ಯಾಕ್ ಆದ ಗಂಡಸರಿಗೆ ಅಮೆರಿಕದಲ್ಲಿ ಹೆಚ್ಚಿನ ಡೋಸ್ ಈಸ್ಟ್ರೋಜೆನ್ ಕೊಟ್ಟು ನೋಡಿದರು. ಅಟ್ಯಾಕ್ ಹೆಚ್ಚಾಗಿ 1970ರಲ್ಲಿ ನಿಲ್ಲಿಸಬೇಕಾಯಿತು. ಸರಾಸರಿ 63 ವಯಸ್ಸಿನ ಹೆಂಗಸರಿಗೆ ಅದನ್ನೇ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನಿನ ಜೊತೆ ಕೊಟ್ಟ ದೊಡ್ಡ ಪ್ರಯೋಗವೂ ಲಾಭಕ್ಕಿಂತ ಹಾನಿಯೇ ಹೆಚ್ಚಾಗಿ 2002ರಲ್ಲಿ ಅರ್ಧಕ್ಕೇ ನಿಂತಿತು. ಅದೇ ಹಾರ್ಮೋನು, ಆದರೆ ಯಾರ ನಾಳ, ಎಷ್ಟು ವಯಸ್ಸು, ಎಷ್ಟು ಡೋಸು ಅನ್ನುವುದರ ಮೇಲೆ ಅದರ ನಡತೆಯೇ ಬೇರೆ. ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಬರೀ ವಿಲನ್ ಅನ್ನುವುದೂ ತಪ್ಪು, ಪ್ರಯೋಗಾಲಯದಲ್ಲಿ ಅದೂ ರಕ್ತನಾಳ ಸಡಿಲಿಸುತ್ತದೆ.

ಇದೆಲ್ಲ ಡಾಕ್ಟರಿಗೆ ಗೊತ್ತಿಲ್ಲ ಅಂತಲ್ಲ, ಪರೀಕ್ಷೆಗೆ ಓದಿರುತ್ತಾರೆ. ಎದುರಿಗೆ ಸೀರೆ ಉಟ್ಟವಳು ಕೂತಾಗ ಮಾತ್ರ ಅದು ಯಾಕೆ ನೆನಪಿಗೆ ಬರುವುದಿಲ್ಲ? ಎದೆನೋವು ನಮಗೂ ಬರುತ್ತದೆ. ಜೊತೆಗೆ ದವಡೆ, ಬೆನ್ನು, ಏದುಸಿರು, ವಾಕರಿಕೆ ನಮ್ಮಲ್ಲಿ ಹೆಚ್ಚು. ಅಷ್ಟಕ್ಕೇ ‘ಟೆನ್ಶನ್’ ಅಂತ ಮನೆಗೆ ಕಳಿಸುವುದೇ? ಟೆನ್ಶನ್ ಇದೆ ಡಾಕ್ಟರೇ, ನೀವೇ ಕೊಟ್ಟಿದ್ದು.

ಇಷ್ಟೆಲ್ಲ ಕೂಗಾಡಿದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಬ್ರಿಜ್ ಇಳಿದು ಮನೆಗೆ ಬಂದ ಆ ಸಂಜೆ, ಡಾಕ್ಟರ ಹತ್ತಿರ ಹೋಗುವ ಮೊದಲು, ವೈನಿಗೆ ಅಜವಾನ ಕುದಿಸಿ ಕೊಟ್ಟವಳು ನಾನೇ. ‘ವಾಯು ಇರ್ಬೇಕ್ರೀ ವೈನಿ’ ಅಂದವಳೂ ನಾನೇ. ವೈನಿ ಲೋಟ ಪೂರ್ತಿ ಕುಡಿದು, ‘ಈಗ ಹಗರ ಆತು’ ಅಂತ ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದ್ದರು.