ಎಷ್ಟು ಎಂಬಿ ಬೇಕು?

2025ರ ಜೂನ್ 3. ಅಹಮದಾಬಾದಿನಲ್ಲಿ ಆರ್‌ಸಿಬಿ ಫೈನಲ್ ಆಡುತ್ತಿತ್ತು. ನಾನು ಜರ್ಮನಿಯ ಎರ್ಫುರ್ಟ್‌ನಿಂದ ಇಲ್ಮೆನೌಗೆ ಹೋಗುವ ರೈಲಿನಲ್ಲಿ ಕೂತಿದ್ದೆ. ಅಲ್ಲಿ ರಾತ್ರಿ ಹನ್ನೊಂದಾದರೆ ಇಲ್ಲಿ ಇನ್ನೂ ಸಂಜೆ ಏಳೂವರೆ. ಕಿಟಕಿಯ ಹೊರಗೆ ಒಳ್ಳೆ ಬಿಸಿಲು. ಐಪಿಎಲ್ ಶುರುವಾದಾಗ ನಾನು ಎರಡನೇ ಕ್ಲಾಸು. ಅವತ್ತಿನಿಂದ ಕಾದ ಮ್ಯಾಚು ಅದು.

ಮ್ಯಾಚು ನೋಡುತ್ತಿದ್ದ ರೀತಿ ಹೀಗೆ. ಸಾಗರದ ಹತ್ತಿರ ನಮ್ಮ ಮನೆಯಲ್ಲಿ ತಮ್ಮ ವಾಟ್ಸಾಪ್ ವಿಡಿಯೋ ಕಾಲ್ ಮಾಡಿ, ಫೋನನ್ನು ಟಿವಿಯ ಎದುರು ಅಕ್ಕಿ ಡಬ್ಬಕ್ಕೆ ಒರಗಿಸಿ ಇಟ್ಟಿದ್ದ. ಬಾಲು ಕಾಣುತ್ತಿರಲಿಲ್ಲ, ಸ್ಕೋರೂ ಮಸುಕು. ಆದರೆ ಅಪ್ಪ ಕೂಗುವುದು, ಅಮ್ಮ "ಸುಮ್ನಿರಿ, ಮಕ್ಕಳು ಎದ್ದುಬಿಡ್ತಾವೆ" ಅನ್ನುವುದು, ಚಿಕ್ಕಪ್ಪ ಎದ್ದು ಹೋಗಿ ಮತ್ತೆ ಬಂದು ಕೂರುವುದು ಎಲ್ಲ ಕೇಳುತ್ತಿತ್ತು. ನನಗೆ ಬೇಕಿದ್ದದ್ದೂ ಅದೇ.

ಹದಿನೇಳನೇ ಓವರಿನಲ್ಲಿ ನನ್ನ ಡೇಟಾ ಖಾಲಿಯಾಯಿತು. ನಾನು ಹಾಕಿಸುವುದು ನಾಲ್ಕು ವಾರಕ್ಕೆ 3 ಜಿಬಿಯ ಸಣ್ಣ ಪ್ಯಾಕು. ಎದುರಿಗೆ ನನ್ನ ಲ್ಯಾಬಿನ ಜರ್ಮನ್ ಗೆಳೆಯ ಕೂತಿದ್ದ. ಒಳ್ಳೆಯ ಹುಡುಗ. ನಾನು ಇಲ್ಲಿಗೆ ಬಂದ ಮೊದಲ ತಿಂಗಳು ಬಾಡಿಗೆ ಕರಾರು ಓದಿ ಅರ್ಥ ಹೇಳಿದವನು. "ಸ್ವಲ್ಪ ಹಾಟ್‌ಸ್ಪಾಟ್ ಆನ್ ಮಾಡ್ತೀಯಾ?" ಎಂದೆ. ಅವನು ಫೋನ್ ತೆಗೆದು, ಒಂದು ಕ್ಷಣ ಯೋಚಿಸಿ ಕೇಳಿದ: "ಎಷ್ಟು ಎಂಬಿ ಬೇಕು?"

ನನಗೆ ಉತ್ತರವೇ ಹೊಳೆಯಲಿಲ್ಲ. ಆ ಪ್ರಶ್ನೆಯನ್ನು ನನ್ನ ಜೀವನದಲ್ಲಿ ಯಾರೂ ಕೇಳಿರಲಿಲ್ಲ.

ಕೊಟ್ಟ. ಇಲ್ಲ ಅನ್ನಲಿಲ್ಲ. ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿದ ಉದ್ದದ ಪಾಸ್‌ವರ್ಡನ್ನು ತಾನೇ ನನ್ನ ಫೋನಿನಲ್ಲಿ ಒತ್ತಿ ಕೊಟ್ಟ. ಹದಿನೈದು ನಿಮಿಷ ಆದ ಮೇಲೆ ತನ್ನ ಫೋನ್ ನೋಡಿಕೊಂಡು, "ನೂರು ಎಂಬಿ ಆಯ್ತು, ತಿಂಗಳು ಈಗಷ್ಟೇ ಶುರು" ಎಂದು ಆಫ್ ಮಾಡಿದ. ಸಿಟ್ಟಿಲ್ಲ, ಮುಜುಗರವೂ ಇಲ್ಲ. ಲೆಕ್ಕ ಹೇಳಿದ, ಅಷ್ಟೆ. ಕೊನೆಯ ಓವರಿಗೆ ಪಂಜಾಬಿಗೆ 29 ರನ್ ಬೇಕಿತ್ತಂತೆ, ಹೇಜಲ್‌ವುಡ್ ಹಾಕಿದನಂತೆ, ಶಶಾಂಕ್ 22 ಹೊಡೆದನಂತೆ, ನಾವು ಆರು ರನ್ನಿನಿಂದ ಗೆದ್ದೆವಂತೆ. ಅದೆಲ್ಲ ನನಗೆ ಇಲ್ಮೆನೌ ತಲುಪಿ, ಹಾಸ್ಟೆಲಿನ ವೈಫೈ ಸಿಕ್ಕ ಮೇಲೆ ಗೊತ್ತಾಯಿತು. ತಮ್ಮನ 14 ಮಿಸ್ಡ್ ಕಾಲ್ ಇದ್ದವು.

ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಜೀವ ಹೋದವು. ಆ ಗೆಲುವಿನ ಬಗ್ಗೆ ಮಾತಾಡಲು ಈಗಲೂ ಮನಸ್ಸು ಬರುವುದಿಲ್ಲ. ಆದರೆ ರೈಲಿನಲ್ಲಿ ಕೇಳಿದ ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿದುಬಿಟ್ಟಿದೆ.

ನಮ್ಮಲ್ಲಿ ಹೇಗೆ? ತಾಳಗುಪ್ಪದಿಂದ ಹೊರಡುವ ರೈಲಿನಲ್ಲಿ ಬೆಂಗಳೂರಿಗೆ ಹೋಗುವಾಗ ಎದುರು ಕೂತ ಅಪರಿಚಿತರನ್ನು ನಾನೇ ಎಷ್ಟೋ ಸಲ ಹಾಟ್‌ಸ್ಪಾಟ್ ಕೇಳಿದ್ದೇನೆ. "ತಗೊಳ್ಳಪ್ಪ, ಒಂದರಿಂದ ಎಂಟು" ಅನ್ನುತ್ತಾರೆ. ಮತ್ತೆ ಫೋನು ಪಕ್ಕಕ್ಕಿಟ್ಟು ಚಿತ್ರಾನ್ನದ ಡಬ್ಬ ಬಿಚ್ಚುತ್ತಾರೆ. ಆ ಒಂದರಿಂದ ಎಂಟು ಯಾರ ಫೋನಿನಲ್ಲೂ ತೆರೆಯುವ ಬೀಗದ ಕೈ. ಇಳಿಯುವಾಗ ಆಫ್ ಮಾಡಲು ಮರೆತು, ಅವರು ಪ್ಲಾಟ್‌ಫಾರ್ಮಿನ ಆ ತುದಿಗೆ ಹೋಗುವವರೆಗೂ ನನ್ನ ಹಾಡು ಓಡುತ್ತಲೇ ಇದ್ದದ್ದೂ ಉಂಟು.

ಇದಕ್ಕೊಂದು ಕಾರಣ ಇದೆ ಎಂದು ನನಗೆ ಅನಿಸುತ್ತದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಾಗ ನಾನು ಎಸ್ಸೆಸ್ಸೆಲ್ಸಿ. ಅದಕ್ಕೆ ಮುಂಚೆ ಅಪ್ಪನ ಫೋನಿಗೆ ಒಂದು ಜಿಬಿ ಹಾಕಿಸಿದರೆ ಇಡೀ ತಿಂಗಳು ಎಣಿಸಿ ಎಣಿಸಿ ಬಳಸಬೇಕಿತ್ತು. ಆಮೇಲೆ ದಿನಕ್ಕೆ ಇಷ್ಟು ಜಿಬಿ ಎಂಬ ಪದ್ಧತಿ ಬಂತು. ಒಂದೂವರೆ ಜಿಬಿ ಎಂದರೆ ಆ ದಿನಕ್ಕೆ ಮಾತ್ರ. ಉಳಿದದ್ದು ರಾತ್ರಿ 12ಕ್ಕೆ ಹೋಯಿತು, ನಾಳೆಗೆ ಬರುವುದಿಲ್ಲ. ನಮ್ಮ ಕಡೆ ಮಜ್ಜಿಗೆ ಜಾಸ್ತಿ ಉಳಿದರೆ ಪಕ್ಕದ ಮನೆಗೆ ಚೊಂಬಿನಲ್ಲಿ ಕಳಿಸುತ್ತಾರಲ್ಲ, ಹಾಗೆ. ನಾಳೆಗೆ ಹುಳಿಯಾಗುವ ವಸ್ತುವನ್ನು ಯಾರೂ ಅಳೆದು ಕೊಡುವುದಿಲ್ಲ. ನನ್ನ ಜರ್ಮನ್ ಗೆಳೆಯನ ಡೇಟಾ ಮಾತ್ರ ಕಣಜದ ಭತ್ತ. ತಿಂಗಳ ಕೊನೆವರೆಗೂ ಅದರಲ್ಲೇ ಆಗಬೇಕು.

ಚೊಂಬು ಎಂದ ಕೂಡಲೇ ಇನ್ನೊಂದು ನೆನಪಾಗುತ್ತದೆ. ನಮ್ಮೂರಿನಲ್ಲಿ ಅಡಿಕೆ ಸುಲಿಯುವ ರಾತ್ರಿಗಳು. ಕೊಯ್ಲಿನ ಕಾಲದಲ್ಲಿ ಅಂಗಳದ ಚಪ್ಪರದ ಕೆಳಗೆ ಹತ್ತು ಹನ್ನೆರಡು ಜನ ಮೆಟ್ಟುಗತ್ತಿಯ ಮೇಲೆ ಕೂತು ಸುಲಿಯುತ್ತಿದ್ದರು. ಎಲ್ಲರ ಕೈಯೂ ಅಡಿಕೆಯ ಚೊಗರಿನಿಂದ ಕಪ್ಪು. ಆ ಕೈಯಲ್ಲಿ ಯಾರೂ ಫೋನ್ ಮುಟ್ಟುವ ಹಾಗಿಲ್ಲ. ಹಾಗಾಗಿ ಒಂದೇ ಫೋನು. ನಮ್ಮನೆಯಲ್ಲಿ ನೆಟ್‌ವರ್ಕ್ ಬರುತ್ತಿದ್ದದ್ದು ಜಗುಲಿಯ ಮೂಲೆಯಲ್ಲಿ ಮಾತ್ರ. ಅಲ್ಲಿ ತಾಳಮದ್ದಲೆ ಹಚ್ಚಿ, ಫೋನನ್ನು ಖಾಲಿ ತಾಮ್ರದ ಚೊಂಬಿನೊಳಗೆ ಇಳಿಸುತ್ತಿದ್ದೆವು. ಚೊಂಬಿನ ಹೊಟ್ಟೆಯಿಂದ ಮದ್ದಳೆ ಗುಂಯ್ ಅಂತ ಎದ್ದು ಅಂಗಳ ತುಂಬುತ್ತಿತ್ತು. ವಾಲಿ ಮತ್ತು ರಾಮನ ವಾದ ಶುರುವಾದರೆ ಸುಲಿಯುವವರಲ್ಲೂ ಎರಡು ಪಕ್ಷ. "ಮರೆಯಲ್ಲಿ ನಿಂತು ಹೊಡೆದದ್ದು ತಪ್ಪೇ" ಎಂದು ಅತ್ತೆ ಹೇಳುತ್ತಿದ್ದರು. "ನೀ ಕೇಳು ಮೊದ್ಲು, ರಾಮ ಏನಂತಾನೆ" ಎಂದು ಅಜ್ಜ. ನಡುವೆ ವಿಡಿಯೋ ನಿಂತು ಗಿರಗಿರ ತಿರುಗತೊಡಗಿದರೆ ವಾದ ಮಾತ್ರ ಅಂಗಳದಲ್ಲಿ ಮುಂದುವರಿಯುತ್ತಿತ್ತು. ನೆಟ್ ಬರುವ ಹೊತ್ತಿಗೆ ನಮ್ಮವರೇ ಅರ್ಧ ಅರ್ಥ ಹೇಳಿ ಮುಗಿಸಿರುತ್ತಿದ್ದರು.

ಇಲ್ಲಿ ನಾನು ಅದೇ ತಾಳಮದ್ದಲೆಯನ್ನು ಯಾವ ತಡೆಯೂ ಇಲ್ಲದೆ ಕೇಳುತ್ತೇನೆ. ಹಾಸ್ಟೆಲಿನ ಕೇಬಲ್ ಇಂಟರ್ನೆಟ್ಟು ಬಹಳ ಜೋರು. ರೂಮಿನ ಬಾಗಿಲು ಹಾಕಿ, ಹೆಡ್‌ಫೋನ್ ಹಾಕಿಕೊಂಡು, ಗೋಡೆ ನೋಡುತ್ತಾ. ಆ ಕಡೆ ರೂಮಿನ ಸ್ಪೇನಿನ ಹುಡುಗಿ ಏನು ನೋಡುತ್ತಾಳೋ, ಈ ಕಡೆಯ ವಿಯೆಟ್ನಾಮಿನವನು ಏನು ಕೇಳುತ್ತಾನೋ ನನಗೆ ಗೊತ್ತಿಲ್ಲ. ಒಂದೇ ಅಡುಗೆಮನೆ, ಒಂದೇ ಫ್ರಿಜ್ಜು, ಒಂದೇ ವಾಷಿಂಗ್ ಮಷೀನು. ಮನರಂಜನೆ ಮಾತ್ರ ಒಬ್ಬೊಬ್ಬರದು ಒಂದೊಂದು.

ಬಂದ ಹೊಸದರಲ್ಲಿ ನನಗೆ ತುಂಬ ಆಶ್ಚರ್ಯವಾದದ್ದು ವೈಫೈ ಪಟ್ಟಿ. ಫೋನ್ ತೆಗೆದರೆ ಇಪ್ಪತ್ತು ಹೆಸರು, ಇಪ್ಪತ್ತಕ್ಕೂ ಬೀಗ. ಸೀನಿಯರ್ ಒಬ್ಬರು ಕಾರಣ ಹೇಳಿದರು. ಇಲ್ಲಿ ನಿಮ್ಮ ವೈಫೈಯಲ್ಲಿ ಬೇರೆ ಯಾರೋ ಕದ್ದ ಸಿನಿಮಾ ಇಳಿಸಿದರೂ ವಕೀಲರ ಪತ್ರ ಬರುವುದು ನಿಮ್ಮ ಹೆಸರಿಗೆ. ಮನೆಯ ವೈಫೈಗೆ ಸರಿಯಾದ ಪಾಸ್‌ವರ್ಡ್ ಇಡುವುದು ಮಾಲೀಕನ ಹೊಣೆ ಎಂದು 2010ರಲ್ಲೇ ಇಲ್ಲಿನ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ಆ ಸೀನಿಯರ್‌ಗೇ ಒಮ್ಮೆ ಅಂಥ ಪತ್ರ ಬಂದಿತ್ತಂತೆ. ಊರಿನಿಂದ ಬಂದ ಗೆಳೆಯ ಎರಡು ದಿನ ಉಳಿದು, ನಮ್ಮಲ್ಲಿ ಮಾಡುವ ಹಾಗೆ ಟೊರೆಂಟಿನಲ್ಲಿ ಒಂದು ಸಿನಿಮಾ ಇಳಿಸಿ ಹೋಗಿದ್ದ. ಇವರು ಎಂಟುನೂರು ಯೂರೋ ಕಟ್ಟಿದರು. ಎರಡು ತಿಂಗಳ ಬಾಡಿಗೆಗೂ ಜಾಸ್ತಿ. 2017ರಲ್ಲಿ ಕಾನೂನು ಸಡಿಲವಾಯಿತು, ಇನ್ನೊಬ್ಬರ ತಪ್ಪಿಗೆ ವೈಫೈ ಕೊಟ್ಟವರು ದಂಡ ತೆರುವುದು ಕಡಿಮೆಯಾಯಿತು. ಆದರೆ ಒಮ್ಮೆ ಹೊಕ್ಕ ಹೆದರಿಕೆ ಕಾನೂನಿನ ಜೊತೆ ಹೋಗುವುದಿಲ್ಲ. ಈಗಲೂ ಯಾರದಾದರೂ ಮನೆಗೆ ಊಟಕ್ಕೆ ಹೋದಾಗ ವೈಫೈ ಕೇಳಲು ನನಗೆ ನಾಲಿಗೆ ಏಳುವುದಿಲ್ಲ. ನಮ್ಮೂರಲ್ಲಿ ನೆಂಟರು ಬಂದರೆ ಬೆಲ್ಲ ನೀರು ಕೊಡುವ ಮೊದಲೇ ಅವರ ಮಕ್ಕಳು ಪಾಸ್‌ವರ್ಡ್ ಕೇಳಿ ಆಗಿರುತ್ತದೆ.

ಇಷ್ಟು ದೊಡ್ಡ ದೇಶದಲ್ಲಿ ಡೇಟಾ ಏಕೆ ಹೀಗೆ ಎಣಿಸುವ ವಸ್ತುವಾಯಿತು ಎಂದು ಕೇಳಿದಾಗ ನಮ್ಮ ಪ್ರೊಫೆಸರ್ ಒಬ್ಬರು ಹಳೆಯ ಕಥೆ ಹೇಳಿದರು. 1981ರಲ್ಲೇ, ಹೆಲ್ಮುಟ್ ಶ್ಮಿಟ್ ಚಾನ್ಸೆಲರ್ ಆಗಿದ್ದಾಗ, ಪಶ್ಚಿಮ ಜರ್ಮನಿಯ ಸರ್ಕಾರ ದೇಶಕ್ಕೆಲ್ಲ ಫೈಬರ್ ಎಳೆಯುವ ಯೋಜನೆ ಮಾಡಿತ್ತಂತೆ. ಮರುವರ್ಷ ಹೆಲ್ಮುಟ್ ಕೋಲ್ ಬಂದರು. ಅವರಿಗೆ ಖಾಸಗಿ ಟಿವಿ ಚಾನೆಲ್‌ಗಳು ಬೇಗ ಮನೆ ತಲುಪಬೇಕಿತ್ತು, ಹಾಗಾಗಿ ತಾಮ್ರದ ಟಿವಿ ಕೇಬಲ್ಲಿಗೆ ಹಣ ಹೋಯಿತು. ಫೈಬರ್ ಹಿಂದೆ ಬಿತ್ತು. 2013ರಲ್ಲಿ ಒಬಾಮಾ ಪಕ್ಕದಲ್ಲಿ ನಿಂತು ಆಗಿನ ಚಾನ್ಸೆಲರ್ ಆಂಗೆಲಾ ಮರ್ಕೆಲ್ ಇಂಟರ್ನೆಟ್ಟು ನಮಗೆಲ್ಲರಿಗೂ ಹೊಸ ನೆಲ ಎಂದಿದ್ದರು. ಇಲ್ಲಿನ ಹುಡುಗರು ಆ ಮಾತನ್ನು ಇಂದಿಗೂ ಮರೆತಿಲ್ಲ. ಇಲ್ಮೆನೌ ರೈಲು ಪ್ಲೌಏ ಎಂಬ ಊರು ದಾಟಿ ಕಾಡಿನ ಕಣಿವೆ ಹೊಕ್ಕು, ಫೋನಿನ ಮೇಲೆ ಒಂದು ಗೀಟೂ ಇಲ್ಲದಾದಾಗ ಅಕ್ಕಪಕ್ಕದವರು ಅದನ್ನೇ ಹೇಳಿ ತಲೆಯಾಡಿಸುತ್ತಾರೆ.

ಹಾಗಂತ ನಮ್ಮ ಮಲೆನಾಡಿನಲ್ಲಿ ನೆಟ್‌ವರ್ಕ್ ಸುರಿಯುತ್ತಿತ್ತು ಎಂದರೆ ಸುಳ್ಳಾಗುತ್ತದೆ. 2020ರಲ್ಲಿ ನಾನು ಇಂಜಿನಿಯರಿಂಗ್ ಮೊದಲ ವರ್ಷ. ಮಳೆಗಾಲದ ಆನ್‌ಲೈನ್ ಕ್ಲಾಸನ್ನು ಮನೆಯ ಹಿಂದಿನ ಗುಡ್ಡದ ಮೇಲೆ, ನಾಲ್ಕು ಕಂಬ ನೆಟ್ಟು ನೀಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲಿನಲ್ಲಿ ಕೂತು ಕೇಳಿದ್ದೇನೆ. ಕಾಲಿಗೆ ಉಂಬಳ ಹತ್ತದ ದಿನ ಇರಲಿಲ್ಲ. ಆದರೆ ಆ ಗುಡಿಸಲಿನಲ್ಲಿ ನಾನೊಬ್ಬನೇ ಇರಲಿಲ್ಲ. ಐದು ಮನೆಯ ಆರು ಮಕ್ಕಳಿದ್ದೆವು. ಯಾರ ಸಿಮ್ಮಿಗೆ ಸಿಗ್ನಲ್ ಸಿಕ್ಕಿತೋ ಅವರ ಹಾಟ್‌ಸ್ಪಾಟಿಗೆ ಉಳಿದವರು. ಎಂಟನೇ ಕ್ಲಾಸಿನ ಹುಡುಗಿಯ ಡೇಟಾದಲ್ಲಿ ನಾನು ಗಣಿತದ ಇಂಟರ್ನಲ್ಸ್ ಬರೆದಿದ್ದೇನೆ.

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ನಮ್ಮದೇ ಸರಿ ಎಂದು ತೀರ್ಪು ಕೊಟ್ಟಂತಿದೆ. ನನ್ನ ಮನಸ್ಸು ಇರುವುದೂ ಹಾಗೇ. ಆದರೂ ಕೆಲವು ಮಾತು ಹೇಳದೆ ಬಿಟ್ಟರೆ ತಪ್ಪು.

ಇಲ್ಲಿನ ರೈಲಿನಲ್ಲಿ ಎರಡು ವರ್ಷದಲ್ಲಿ ಒಬ್ಬರ ರೀಲ್ಸೂ ನನ್ನ ಕಿವಿಗೆ ಬಿದ್ದಿಲ್ಲ. ಕಳೆದ ಬಾರಿ ಊರಿಗೆ ಹೋದಾಗ ಶಿವಮೊಗ್ಗದಿಂದ ಸಾಗರದ ಬಸ್ಸಿನಲ್ಲಿ ಹಿಂದೆ ಒಂದು ಧಾರಾವಾಹಿ, ಮುಂದೆ ಒಂದು ಭಾಷಣ, ಪಕ್ಕದಲ್ಲಿ ಮೂವತ್ತು ಸೆಕೆಂಡಿನ ಒಂದೇ ಹಾಡು ಮತ್ತೆ ಮತ್ತೆ. ಸರ್ಕಾರಿ ಬಸ್ಸಿನಲ್ಲಿ ಜೋರಾಗಿ ಮೊಬೈಲ್ ಹಚ್ಚಬಾರದು ಎಂದು 2021ರಲ್ಲಿ ಹೈಕೋರ್ಟೇ ಹೇಳಿದೆ. ಕಂಡಕ್ಟರ್ ಪಾಪ ಒಮ್ಮೆ ಹೇಳಿದರು, ಯಾರೂ ಕೇಳಲಿಲ್ಲ. ನನಗೆ ತಲೆನೋವು ಬಂತು. ಅಂಗಳದ ಚೊಂಬಿನ ದನಿಗೂ ಬಸ್ಸಿನ ಈ ಗದ್ದಲಕ್ಕೂ ಸಂಬಂಧವಿಲ್ಲ. ಅಲ್ಲಿ ಎಲ್ಲರೂ ಸೇರಿ ಒಂದನ್ನು ಕೇಳುತ್ತಿದ್ದೆವು. ಬಸ್ಸಿನಲ್ಲಿ ಒಬ್ಬನದನ್ನು ಎಲ್ಲರೂ ಕೇಳಬೇಕು.

ಇನ್ನೊಂದು. ಇಲ್ಲಿನವರು ಹಂಚಿಕೊಳ್ಳುವುದೇ ಇಲ್ಲ ಎಂದು ನಾನು ಒಂದು ವರ್ಷ ನಂಬಿದ್ದೆ. ಆಮೇಲೆ ಎರ್ಫುರ್ಟ್‌ನಲ್ಲಿ ಬೀಗವಿಲ್ಲದ ಒಂದು ವೈಫೈ ಹೆಸರು ಕಂಡಿತು: ಫ್ರೈಫುಂಕ್. ವಿಚಾರಿಸಿದೆ. ಜನರೇ ತಮ್ಮ ಮನೆಯ ರೌಟರಿನಲ್ಲಿ ಒಂದು ಪಾಲನ್ನು ದಾರಿಹೋಕರಿಗೆ ಬಿಟ್ಟುಕೊಡುವ ಕೂಟ ಅದು. ದುಡ್ಡಿಲ್ಲ, ಪಾಸ್‌ವರ್ಡ್ ಇಲ್ಲ. ವಕೀಲರ ಪತ್ರದ ಕಾಟ ಜೋರಾಗಿದ್ದ ಕಾಲದಲ್ಲೂ ಇವರು ನಿಲ್ಲಿಸಲಿಲ್ಲ. ಕೊಟ್ಟವರ ಹೆಸರಿಗೆ ತೊಂದರೆ ಬಾರದಂತೆ ಬೇರೆ ದಾರಿಯಲ್ಲಿ ಡೇಟಾ ಹಾಯಿಸಿದರು. ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಎಜುರೋಮ್ ಎಂಬ ವೈಫೈ ಕೂಡ ಹಾಗೆಯೇ. ನಾನು ಪ್ರಾಗ್‌ಗೆ ಹೋದಾಗ ಅಲ್ಲಿನ ಕಾಲೇಜಿನ ಬಾಗಿಲಲ್ಲಿ ನನ್ನ ಫೋನು ತಾನಾಗಿ ನೆಟ್ಟಿಗೆ ಸೇರಿಕೊಂಡಿತು. ಯಾರನ್ನೂ ಕೇಳಲಿಲ್ಲ. ಎಲ್ಲಿಂದಲೋ ಬಂದ ವಿದ್ಯಾರ್ಥಿ ಎಂದು ಆ ಊರು ನನ್ನನ್ನು ಮೊದಲೇ ಒಪ್ಪಿಕೊಂಡಿತ್ತು. ಇವರು ಕೈಯಿಂದ ಕೈಗೆ ಕೊಡುವುದಿಲ್ಲ, ಕೂತು ಮಾತಾಡಿ ವ್ಯವಸ್ಥೆ ಮಾಡಿ ಕೊಡುತ್ತಾರೆ.

ಆ ಗೆಳೆಯನೂ ಒಂದು ವಾರದ ನಂತರ ಲ್ಯಾಬಿನಲ್ಲಿ ಕೇಳಿದ, "ಅವತ್ತು ಏನು ನೋಡುತ್ತಿದ್ದೆ?" ಹೇಳಿದೆ. ಹದಿನೆಂಟು ವರ್ಷ, ಕೊನೆಯ ಓವರು, ತಮ್ಮ, ಅಕ್ಕಿ ಡಬ್ಬ. ಅವನ ಮುಖ ಸಪ್ಪಗಾಯಿತು. "ಮೊದಲೇ ಹೇಳಬಾರದಿತ್ತೇ? ಹೇಳಿದ್ದರೆ ಪೂರ್ತಿ ಕೊಡುತ್ತಿದ್ದೆ" ಎಂದ. ನಿಜವಾಗಿಯೂ ಕೊಡುತ್ತಿದ್ದ. ನನಗೆ ಹೇಳಬೇಕು ಎಂದೇ ಹೊಳೆದಿರಲಿಲ್ಲ. ನಮ್ಮಲ್ಲಿ ಕಾರಣ ಹೇಳಿ ಕೇಳುವುದು ಸಾಲಕ್ಕೆ ಮಾತ್ರ.

ಕಳೆದ ತಿಂಗಳು ತಮ್ಮ ಫೋನ್ ಮಾಡಿದ್ದ. ಮನೆಗೆ ಫೈಬರ್ ಬಂದಿದೆಯಂತೆ. ಜಗುಲಿಯ ಮೂಲೆಗೆ ಹೋಗಬೇಕಾಗಿಲ್ಲ, ಕೊಟ್ಟಿಗೆಯಲ್ಲೂ ವೈಫೈ ಸಿಗುತ್ತದಂತೆ. ಬಹಳ ಖುಷಿಯಾಯಿತು. ಈ ಸಲ ಸುಲಿಯುವಾಗ ತಾಳಮದ್ದಲೆ ನಿಲ್ಲದೆ ಓಡಬಹುದಲ್ಲ ಎಂದೆ.

"ಅದೆಲ್ಲಿ ಅಣ್ಣ ಈಗ? ಹೋದ ವರ್ಷದಿಂದಲೇ ಎಲ್ಲರ ಕಿವಿಯಲ್ಲೂ ಒಂದೊಂದು ಇದೆ. ಅತ್ತೆ ಧಾರಾವಾಹಿ ಕೇಳ್ತಾರೆ, ಅಜ್ಜನಿಗೂ ಬ್ಲೂಟೂತ್ ತಂದುಕೊಟ್ಟಿದ್ದೇನೆ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಕೇಳಿದೆ, "ಆ ಚೊಂಬು?"

"ಯಾವ ಚೊಂಬು?"

ಡಿಸೆಂಬರಿನಲ್ಲಿ ಮೂರು ವಾರ ರಜೆ ಇದೆ, ಟಿಕೆಟ್ ಆಗಿದೆ. ಕೊಯ್ಲಿನ ಹೊತ್ತಿಗೇ ಬರುತ್ತೇನೆ. ಅಟ್ಟದ ಮೇಲೆ ಹುಡುಕಿ, ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿರು ಎಂದು ಅವನಿಗೆ ಹೇಳಿದ್ದೇನೆ.