ಫ್ರಿಜ್ಜಿನ ಕೀಲಿಕೈ

ಓಣಿಗೊಂದು ಬಾವಿ ಇದ್ದ ಕಾಲ ಹೋಯಿತು ಅನ್ನುತ್ತಾರೆ. ನಮ್ಮ ಓಣಿಗೆ ಒಂದು ಫ್ರಿಜ್ ಇತ್ತು. ಅದು ನಮ್ಮ ಅಡುಗೆಮನೆಯಲ್ಲಿತ್ತು, ಕರೆಂಟ್ ಬಿಲ್ಲೂ ನಮ್ಮ ಹೆಸರಿಗೇ ಬರುತ್ತಿತ್ತು. ಉಳಿದದ್ದೆಲ್ಲ ಓಣಿಯದು.

ಹಾಗಂತ ವಿಜಯಪುರದ ಈ ಹಳೇ ಓಣಿಯಲ್ಲಿ ಬೇರೆ ಯಾರಿಗೂ ಫ್ರಿಜ್ ಇಲ್ಲ ಅಂತಲ್ಲ. ಈಗ ಮನೆಮನೆಗೂ ಇದೆ. ಆದರೆ ಮೊದಲು ಬಂದದ್ದು ನಮ್ಮ 165 ಲೀಟರಿನ ಒಂಟಿ ಬಾಗಿಲಿನದು, ಬಿದ್ದ ರೂಢಿ ಸುಲಭಕ್ಕೆ ಬಿಡುವುದಿಲ್ಲ. ತಮ್ಮ ಫ್ರಿಜ್ಜಿನಲ್ಲಿ ಹಿಡಿಸದ್ದು, ತಮ್ಮ ಮನೆಯವರ ಕಣ್ಣಿಗೆ ಬೀಳಬಾರದ್ದು ಎಲ್ಲ ನಮ್ಮಲ್ಲಿಗೇ ಬರುತ್ತಿತ್ತು. ಮೂಲೆಮನೆಯ ಕಾಕುಗೆ ಸಕ್ಕರೆ ಕಾಯಿಲೆ. ಮಗ ಪಥ್ಯದ ವಿಷಯದಲ್ಲಿ ಭಾರೀ ಬಿಗಿ. ಹಾಗಾಗಿ ಆಕೆಯ ಬೆಳಗಾವಿ ಕುಂದಾದ ಡಬ್ಬಿಗೆ ನಮ್ಮ ಕೊತ್ತಂಬರಿ ಕಟ್ಟಿನ ಹಿಂದೆ ಕಾಯಂ ಜಾಗ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಬಂದು, ನಿಂತಲ್ಲೇ ಒಂದು ಚಮಚ ತಿಂದು, "ನೀರು ಕುಡ್ಯಾಕ ಬಂದಿದ್ನೆವಾ" ಅಂತ ನಮ್ಮಾಕಿಗೆ ಹೇಳಿ ಹೋಗುವುದು.

ಇಂಥ ಫ್ರಿಜ್ ಬಾಳುವುದು ಕಷ್ಟ. ಬಾಗಿಲು ತೆರೆದಾಗಲೆಲ್ಲ ಹೊರಗಿನ ಗಾಳಿಯ ತೇವ ಒಳಹೊಕ್ಕು ಫ್ರೀಜರಿನ ಗೋಡೆಗೆ ಬರ್ಫವಾಗಿ ಕೂಡುತ್ತದೆ. ಬರ್ಫ ದಪ್ಪಗಾದಷ್ಟೂ ತಂಪು ಕೆಳಗಿಳಿಯುವುದಿಲ್ಲ, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ಬಾಗಿಲಿನ ರಬ್ಬರೂ ಸಡಿಲಾದ ಮೇಲೆ ನಮ್ಮದು ಮೇಲೆ ಕಾಶ್ಮೀರ, ಕೆಳಗೆ ವಿಜಯಪುರ. ಏಪ್ರಿಲ್ ಬಿಸಿಲು 40 ಡಿಗ್ರಿ ಮುಟ್ಟಿದಾಗ ಮುಂಜಾನೆಯ ಹಾಲು ಮಧ್ಯಾಹ್ನಕ್ಕೆ ಒಡೆಯತೊಡಗಿತು. ನಮ್ಮಾಕಿ ಹೊಸದಕ್ಕೆ ಹಟ ಹಿಡಿದಳು. ಎಕ್ಸ್‌ಚೇಂಜಿನಲ್ಲಿ ಹಳೆಯದಕ್ಕೆ ಎಷ್ಟು ಕೊಟ್ಟರು ಅನ್ನುವುದನ್ನು ಹೇಳಿ ಅದರ ಮಾನ ಕಳೆಯುವುದು ಬೇಡ.

ಖಾಲಿ ಮಾಡುವ ದಿನ ಬಿಸಿನೀರು ಸುರಿದು ಬರ್ಫ ಕರಗಿಸಿದೆವು. ಮೊದಲು ಹೊರಬಂದದ್ದು ಒಂದು ಸ್ಟೀಲಿನ ಬಟ್ಟಲು, ಆಮೇಲೆ ಇನ್ನೊಂದು, ಆಮೇಲೆ ಮುಚ್ಚಳವಿಲ್ಲದ ಡಬ್ಬಿ. ಒಂದರಲ್ಲಿ ಇಡ್ಲಿಹಿಟ್ಟು, ಒಂದರಲ್ಲಿ ಕೆನೆ, ಡಬ್ಬಿಯಲ್ಲಿದ್ದದ್ದು ಏನೆಂದು ಹಿರಿಯರಿಗೂ ತಿಳಿಯಲಿಲ್ಲ. ಪುಣ್ಯಕ್ಕೆ ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸುವ ಪದ್ಧತಿ ಉಂಟು. ಹೆಸರು ಓದಿ ಓದಿ ಮನೆಮನೆಗೆ ಹಂಚಿದೆವು. ಒಬ್ಬರು ಮಾತ್ರ ತಮ್ಮ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರ ಸಲುವಾಗಿ ನಾವು ಕೆಲಸದಾಕಿನ್ನ ಬಿಡಿಸಿದ್ವಿ" ಅಂದರು. ಅದಕ್ಕೆ ನಾವೇನು ಉತ್ತರ ಕೊಡುವುದು?

ಹೊಸದು ಟಂಟಂನಲ್ಲಿ ಮಲಗಿಕೊಂಡು ಬಂತು. ಎರಡು ಬಾಗಿಲಿನದು, ಎತ್ತರಕ್ಕೂ ಅಗಲಕ್ಕೂ ಧಾರಾಳ. ನಮ್ಮದು ಕಲ್ಲಿನ ಹಳೇ ಮನೆ, ತೊಲಬಾಗಿಲು ತಗ್ಗು. ಹಮಾಲರು ಗೇಣು ಹಾಕಿ ಅಳೆದರು, ಓರೆ ಮಾಡಿದರು, ತಿರುವಿದರು. ಓಣಿಯೆಲ್ಲ ಸಲಹೆ ಕೊಡಲು ನೆರೆಯಿತು. ಎದುರುಮನೆಯ ಕಾಕಾ ಕಟ್ಟೆಯ ಮೇಲೆ ಕೂತು ಮಲಿಕ್-ಎ-ಮೈದಾನ ಫಿರಂಗಿಯ ಕಥೆ ತೆಗೆದರು. 55 ಟನ್ನಿನ ತೋಪನ್ನು ಪರಾಂಡದಿಂದ ಇಲ್ಲಿಗೆ ಎಳೆದು ತರಲು 400 ಎತ್ತು, 10 ಆನೆ ಹೂಡಿದ್ದರು ಅಂತ ನಮ್ಮೂರಲ್ಲಿ ಹೇಳುವುದುಂಟು.

"ಅಂಥಾದನ್ನ ತಂದು ಬುರುಜಿನ ಮ್ಯಾಲೆ ಕುಂದರಿಸ್ಯಾರ. ನಿಮಗ ಇದೊಂದು ಪೆಟ್ಟಿಗಿ ಆಗವಲ್ದೇನ್ರೋ?"

ಹಮಾಲ ಬೆವರು ಒರೆಸಿಕೊಂಡ. "ಆನಿ ಎಳದಾವ ಖರೇರಿ ಯಜಮಾನ್ರ. ಆದ್ರ ಬುರುಜಿಗೆ ತೊಲಬಾಗಿಲಾ ಇರಲಿಲ್ಲಲ್ರಿ."

"ಮತ್ತ ಆ ತೋಪು ಕಡು ಬಿಸಿಲಾಗೂ ತಣ್ಣಗ ಇರ್ತೈತಿ, ಕರೆಂಟ್ ಇಲ್ದ" ಅಂತ ಕಾಕಾ ನಮ್ಮ ಹೊಸ ಫ್ರಿಜ್ಜನ್ನು ಅನುಮಾನದಿಂದ ನೋಡಿದರು.

ಕೊನೆಗೆ ಬಾಗಿಲುಗಳ ಸ್ಕ್ರೂ ಬಿಚ್ಚಿ ಒಳಗೊಯ್ದು ಮತ್ತೆ ಜೋಡಿಸಿದರು. ನಮ್ಮಾಕಿ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಸ್ವಿಚ್ಚಿಗೆ ಕೈ ಹಾಕಿದಳು. ಜೋಡಿಸಲು ಬಂದ ಹುಡುಗ ಚೀರಿದ. ಮಲಗಿಸಿ ತಂದ ಫ್ರಿಜ್ಜಿನಲ್ಲಿ ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿದಿರುತ್ತದೆ, ಅದು ಮರಳಿ ಇಳಿಯುವ ತನಕ ನೆಟ್ಟಗೆ ನಿಲ್ಲಿಸಿಡಬೇಕಂತೆ. ಹಳೆಯದು ಹೋಗಿತ್ತು, ಹೊಸದು ವಿಶ್ರಾಂತಿಯಲ್ಲಿತ್ತು. ನಮ್ಮ ಹಾಲು, ಮೊಸರು, ಬೆಣ್ಣೆ ಕಾಕುನ ಮನೆಗೆ ಹೊರಟವು. ಹಾಲಿನ ಹಿಂದೆಯೇ ಬಂದು ಕಾಕು ಹೊಸದನ್ನು ನೋಡಿದಳು. ಕೆಳಬಾಗಿಲಿನ ಕೀಲಿಯೂ ಅದಕ್ಕೆ ಜೋತಿದ್ದ ಕೀಲಿಕೈಯೂ ಕಣ್ಣಿಗೆ ಬಿದ್ದವು.

"ಕೀಲಿ ಬ್ಯಾರೆ ಐತೇನ? ಆತು ಬಿಡ್ರೆಪಾ. ಇನ್ಮ್ಯಾಲ ನಾವೆಲ್ಲಾ ಕಳ್ಳರು."

ಅದು ಕಂಪನಿಯವರೇ ಕೊಟ್ಟದ್ದು, ನಾವು ಕೇಳಿದ್ದಲ್ಲ ಅಂದರೂ ಕೇಳಲಿಲ್ಲ. ಮರುದಿನ ಮಧ್ಯಾಹ್ನ ನೀರು ಕುಡಿಯಲೂ ಬರಲಿಲ್ಲ. ಅತ್ತ ಹೊಸದು ಶುರುವಾಗಿ ತಣ್ಣಗಾಗಿತ್ತು. ಆದರೆ ಸದ್ದೇ ಇಲ್ಲ. ಹಳೆಯದು ನಿಂತಾಗೊಮ್ಮೆ ಗಡಗಡ ನಡುಗಿ, ಮೇಲಿಟ್ಟ ಬೀಗರು ಕೊಟ್ಟ ಗೊಂಬೆಯನ್ನೂ ಕುಣಿಸುತ್ತಿತ್ತು. ಇದು ನಡೆದಿದೆಯೋ ನಿಂತಿದೆಯೋ ಅಂತ ನಮ್ಮಪ್ಪ ರಾತ್ರಿ ಎದ್ದು ಎದ್ದು ಅದರ ಪಕ್ಕೆಗೆ ಕೈಯಿಟ್ಟು ನೋಡುತ್ತಿದ್ದರು.

ಕಾಕುನ ಸಿಟ್ಟು ಇಳಿಸಲು ನಮ್ಮಾಕಿ ಒಂದು ಉಪಾಯ ಹೂಡಿದಳು. ಕೀಲಿಕೈಯನ್ನೇ ಒಯ್ದು ಆಕೆಯ ಕೈಗಿಟ್ಟು, "ನೀವ ಇಟಗೋರಿ ಕಾಕು, ನಿಮ್ಮ ಡಬ್ಬಿ ಭದ್ರ ಇರ್ತೈತಿ" ಅಂದಳು. ಕಾಕು ಕರಗಿದಳು. ಕೀಲಿಕೈ ಆಕೆಯ ಸೊಂಟದ ಗೊಂಚಲು ಸೇರಿತು. ಕುಂದಾ ಕೊತ್ತಂಬರಿಯ ಹಿಂದಿನ ತನ್ನ ಜಾಗಕ್ಕೆ ಮರಳಿತು.

ಹೋದ ಭಾನುವಾರ ಮುಂಜಾನೆ ಚಹಾಕ್ಕೆ ಹಾಲು ತೆಗೆಯಹೋದರೆ ಬಾಗಿಲು ಅಲುಗಲಿಲ್ಲ. ಕಾಕುನ ಮನೆಗೆ ಓಡಿದೆ. ನಸುಕಿನ ಬಸ್ಸಿಗೇ ಜಮಖಂಡಿಗೆ, ಮಗಳ ಮನೆಗೆ ಹೋಗಿದ್ದಾಳೆ ಅಂದ ಮಗ. ಫೋನ್ ಮಾಡಿದೆ.

"ಹೌದೋ ತಮ್ಮಾ, ರಾತ್ರೀನ ಕೀಲಿ ಹಾಕೇನಿ. ನಾ ಇಲ್ಲದಾಗ ಯಾರರೆ ಕುಂದಾ ಮುಟ್ಟಿದ್ರ? ಸಂಜೀಕ ಬರ್ತೇನಿ. ಅಲ್ಲೀತನಕ ಚಹಾ ನಮ್ಮನ್ಯಾಗ ಕುಡೀರಿ, ನಮ್ಮ ಫ್ರಿಜ್ಜಿನ್ಯಾಗ ಹಾಲೈತಿ."